ಕಾರು ಇಳಿಸಿದ್ವಿ, ಆಂಟಿಗೆ ಸೊಂಟ ಹಿಡೀತು: ಲೋವರಿಂಗ್ ಸ್ಪ್ರಿಂಗ್ ಆರಿಸೋ ಕಥೆ

ತಪ್ಪು ನಮ್ಮದೇ, ಅದನ್ನ ಮೊದಲೇ ಒಪ್ಪಿಕೊಂಡುಬಿಡ್ತೀವಿ. ನಾವು ಅಂದ್ರೆ ಹಾಸ್ಟೆಲ್‌ನ ಒಂದೇ ರೂಮಿನ ಮೂರು ಜನ. ಮೂವರೂ ಮೆಕ್ಯಾನಿಕಲ್, ಮೂವರೂ ಎರಡನೇ ವರ್ಷ. ನಮ್ಮಲ್ಲೊಬ್ಬನ ಅಣ್ಣ ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರದ ಒಂದು ಊರಲ್ಲಿ ಕೆಲಸ ಮಾಡ್ತಾರೆ. ಹೋದ ವರ್ಷ ಅವರು 2011ರ ಫೋರ್ಡ್ ಮಸ್ಟಾಂಗ್ ಜಿಟಿ ಒಂದನ್ನ ಸೆಕೆಂಡ್ ಹ್ಯಾಂಡ್ ತಗೊಂಡ್ರು. 5 ಲೀಟರ್ ವಿ8 ಎಂಜಿನ್, 412 ಹಾರ್ಸ್‌ಪವರ್. ಆ ರಾತ್ರಿ ವಿಡಿಯೋ ಕಾಲ್‌ನಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ ಶಬ್ದ ಕೇಳಿಸಿದ್ರು. ಪಕ್ಕದ ರೂಮಿನವರೆಲ್ಲ ಎದ್ದು ಬಂದ್ರು.

ಎರಡು ವಾರ ಆದ್ಮೇಲೆ ಮತ್ತೆ ಫೋನ್. "ಏನ್ರೋ ಎಂಜಿನಿಯರ್‌ಗಳಾ, ಕಾರನ್ನ ಸ್ವಲ್ಪ ಇಳಿಸ್ಬೇಕು ಅಂತಿದೀನಿ. ಟೈರ್ ಮೇಲೆ ಅಷ್ಟು ಗ್ಯಾಪ್ ನೋಡೋಕಾಗಲ್ಲ. ಯಾವ ಸ್ಪ್ರಿಂಗ್ ಹಾಕ್ಸ್ಲಿ ಹೇಳಿ. ಆದ್ರೆ ನೋಡಿ, ದಿನಾ ಆಫೀಸಿಗೆ ಇದ್ರಲ್ಲೇ ಹೋಗೋದು. ಬೇಸಿಗೆಗೆ ಅಮ್ಮ ಬರ್ತಾರೆ. ಕಂಫರ್ಟ್ ಹಾಳಾಗ್ಬಾರ್ದು."

ನಮ್ಮನ್ನ ಯಾರೋ ಎಂಜಿನಿಯರ್ ಅಂತ ಕರೆದು ಸಲಹೆ ಕೇಳಿದ್ದು ಅದೇ ಮೊದಲು. ಹತ್ತೇ ನಿಮಿಷದಲ್ಲಿ ಉತ್ತರ ಕೊಟ್ವಿ. "ಅಣ್ಣಾ, 2 ಇಂಚು ಇಳಿಸೋದು ತಗೊಳ್ಳಿ, ಲುಕ್ ಸಖತ್ತಾಗಿರುತ್ತೆ. ಅದರಲ್ಲೇ ಎಲ್ಲಕ್ಕಿಂತ ಮೆತ್ತಗಿರೋ ಸ್ಪ್ರಿಂಗ್ ತಗೊಳ್ಳಿ, ಕಂಫರ್ಟ್ ಹಂಗೇ ಇರುತ್ತೆ." ಕೇಳೋಕೆ ಎಷ್ಟು ಸರಿಯಾಗಿದೆ ಅಲ್ವಾ? ಜಾಸ್ತಿ ಇಳಿಸಿದ್ರೆ ಅಂದ, ಮೆತ್ತಗಿದ್ರೆ ಆರಾಮ. ಅಣ್ಣ ಹಂಗೇ ತರಿಸಿ ಹಾಕಿಸ್ಕೊಂಡ್ರು. ಫೋಟೋ ನಿಜವಾಗ್ಲೂ ಸಖತ್ತಾಗಿತ್ತು.

ಮೇ ತಿಂಗಳಲ್ಲಿ ಆಂಟಿ ಹಾಸನದಿಂದ ಹೋದ್ರು. ಮೊದಲನೇ ದಿನ ಏರ್‌ಪೋರ್ಟ್‌ನಿಂದ ಮನೆ ತಲುಪೋದ್ರೊಳಗೆ ಅವರು ಹೇಳಿದ್ದು: "ಮಗಾ, ಇದಕ್ಕಿಂತ ನಮ್ಮ ಅರಸೀಕೆರೆ ಬಸ್ಸೇ ವಾಸಿ ಕಣೋ." ವಾರ ಕಳೆಯೋದ್ರೊಳಗೆ ಸೊಂಟ ಹಿಡ್ಕೊಂಡಿತ್ತು. ಅವರಿಗೆ ಮೊದಲಿಂದ ಬೆನ್ನು ನೋವಿದೆ ಅನ್ನೋದು ನಮ್ಮ ರೂಮ್‌ಮೇಟ್‌ಗೆ ಗೊತ್ತಿತ್ತು. ಸ್ಪ್ರಿಂಗ್ ಹೇಳುವಾಗ ನೆನಪಾಗ್ಲಿಲ್ಲ ಅಷ್ಟೆ.

ಆಮೇಲೆ ಪುಸ್ತಕ ಹಿಡಿದು ಕೂತ್ವಿ. ಮೊದಲೇ ಕೂರಬೇಕಿತ್ತು. ಆಗ ಗೊತ್ತಾಗಿದ್ದನ್ನ ಇಲ್ಲಿ ಬರೀತಿದ್ದೀವಿ.

ಮೊದಲು ಕಾರಿನ ಬಗ್ಗೆ ಸ್ವಲ್ಪ. ಮಸಲ್ ಕಾರ್ ಅಂದ್ರೆ ಸಾಧಾರಣ ಗಾತ್ರದ ಅಮೆರಿಕನ್ ಕಾರಿಗೆ ದೊಡ್ಡ ವಿ8 ಎಂಜಿನ್ ಕೂರಿಸಿದ್ದು. 1964ರ ಪಾಂಟಿಯಾಕ್ ಜಿಟಿಓದಿಂದ ಈ ಹುಚ್ಚು ಶುರುವಾಯ್ತು ಅಂತ ಸಾಮಾನ್ಯವಾಗಿ ಹೇಳ್ತಾರೆ. ಅದೇ ವರ್ಷ ಏಪ್ರಿಲ್ 17ಕ್ಕೆ ಮಸ್ಟಾಂಗ್ ಬಂತು. ಕಟ್ಟುನಿಟ್ಟಿನ ಜನ ಮಸ್ಟಾಂಗನ್ನ ಪೋನಿ ಕಾರ್ ಅಂತ ಬೇರೆ ಪಂಕ್ತಿಗೆ ಕೂರಿಸ್ತಾರೆ. ಆ ಜಗಳ ನಮಗೆ ಬೇಡ. ಅಣ್ಣನ ಕಾರು 2005ರಿಂದ 2014ರವರೆಗೆ ಬಂದ ಪೀಳಿಗೆಯದು, ಮಿಷಿಗನ್‌ನ ಫ್ಲಾಟ್ ರಾಕ್ ಕಾರ್ಖಾನೆಯಲ್ಲೇ ತಯಾರಾದದ್ದು. ಮುಂದೆ ನಮ್ಮ ಮಾಮೂಲಿ ಕಾರುಗಳಲ್ಲಿ ಇರೋ ಹಾಗೆ ಮ್ಯಾಕ್‌ಫರ್ಸನ್ ಸ್ಟ್ರಟ್. ಹಿಂದೆ ಮಾತ್ರ ಎರಡು ಚಕ್ರಕ್ಕೂ ಸೇರಿ ಒಂದೇ ಗಟ್ಟಿ ಆಕ್ಸಲ್, ಲಾರಿ ತರ. ಅದನ್ನ ಮೂರು ಲಿಂಕ್‌ಗಳು ಮತ್ತು ಅಡ್ಡಕ್ಕೆ ಒಂದು ಪ್ಯಾನ್‌ಹಾರ್ಡ್ ರಾಡ್ ಹಿಡಿದಿಟ್ಟಿರುತ್ತವೆ. ನಮ್ಮ ದೇಶದಲ್ಲಿ 2016ರಿಂದ ಮಾರಾಟವಾದ ಮಸ್ಟಾಂಗ್ ಇದರ ಮುಂದಿನ ಪೀಳಿಗೆ, ಅದರಲ್ಲಿ ಹಿಂದಿನ ಚಕ್ರಗಳು ಬೇರೆ ಬೇರೆ. ಹಾಗಾಗಿ ಹಿಂದಿನ ಆಕ್ಸಲ್ ಬಗ್ಗೆ ಹೇಳೋದೆಲ್ಲ ಅದಕ್ಕೆ ಅನ್ವಯಿಸಲ್ಲ.

ಈಗ ಸ್ಪ್ರಿಂಗ್. ಪಿಯುಸಿಯಲ್ಲಿ ಓದಿದ ಹುಕ್‌ನ ನಿಯಮ ಸಾಕು. ಸ್ಪ್ರಿಂಗ್‌ನ ರೇಟ್ ಅಂದ್ರೆ ಒಂದು ಮಿ.ಮೀ. ಒತ್ತೋಕೆ ಎಷ್ಟು ನ್ಯೂಟನ್ ಬೇಕು ಅನ್ನೋದು. ಅಮೆರಿಕದವರು ಇಂಚಿಗೆ ಎಷ್ಟು ಪೌಂಡ್ ಅಂತ ಬರೀತಾರೆ. ಅದನ್ನ 0.175ರಿಂದ ಗುಣಿಸಿದ್ರೆ ನಮ್ಮ ಲೆಕ್ಕ ಸಿಗುತ್ತೆ. ರೇಟ್ ಯಾವುದರ ಮೇಲೆ ನಿಂತಿದೆ ಅಂತ ಸೀನಿಯರ್‌ಗಳ ಮಷೀನ್ ಡಿಸೈನ್ ನೋಟ್ಸ್‌ನಲ್ಲಿ ಸಿಕ್ತು: ತಂತಿಯ ವ್ಯಾಸದ ನಾಲ್ಕನೇ ಘಾತದಷ್ಟು ಏರುತ್ತೆ, ಸುರುಳಿಯ ವ್ಯಾಸದ ಮೂರನೇ ಘಾತದಷ್ಟು ಇಳಿಯುತ್ತೆ, ಸುತ್ತುಗಳು ಜಾಸ್ತಿಯಾದಷ್ಟೂ ಇಳಿಯುತ್ತೆ. ಅಂದ್ರೆ ತಂತಿಯನ್ನ 12 ಮಿ.ಮೀ.ಯಿಂದ 13 ಮಾಡಿದ್ರೆ ಸಾಕು, ರೇಟ್ ಸುಮಾರು 38% ಜಾಸ್ತಿ. ನೋಡೋಕೆ ಎರಡೂ ಒಂದೇ ತರ ಕಾಣುತ್ತವೆ. ಅದಕ್ಕೇ ಸ್ಪ್ರಿಂಗನ್ನ ಬಣ್ಣ ನೋಡಿ, ಫೋಟೋ ನೋಡಿ ಆರಿಸೋದು ಉಪಯೋಗಕ್ಕೆ ಬರಲ್ಲ.

ಕಾರು ಎಷ್ಟು ಆರಾಮ ಅನ್ನೋದನ್ನ ಒಂದು ಸಂಖ್ಯೆಯಲ್ಲಿ ಹಿಡಿಯೋಕೆ ನೋಡೋದು ಬಾಡಿಯ ಸಹಜ ಆವರ್ತನ, ಅಂದ್ರೆ ಬಾನೆಟ್ ಒತ್ತಿ ಬಿಟ್ರೆ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತೆ ಅನ್ನೋದು. ಮಾಮೂಲಿ ಕಾರುಗಳಲ್ಲಿ ಇದು 1ರಿಂದ 1.5 ಹರ್ಟ್ಸ್ ಒಳಗಿರುತ್ತೆ. 2 ದಾಟಿದ್ರೆ ರೇಸ್ ಕಾರಿನ ಹತ್ತಿರ ಹೋದ ಹಾಗೆ. ಈ ಕಾರಿನ ಒಟ್ಟು ತೂಕ ಸುಮಾರು 1,640 ಕೆ.ಜಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮುಂದಿದೆ. ಚಕ್ರ, ಬ್ರೇಕ್ ಇಂಥ ಸ್ಪ್ರಿಂಗ್ ಕೆಳಗಿನ ತೂಕ ಕಳೆದು, ಡ್ರೈವರ್ ಸೇರಿಸಿ, ಮುಂದಿನ ಒಂದು ಮೂಲೆ ಮೇಲೆ 410 ಕೆ.ಜಿ. ಕೂತಿದೆ ಅಂತ ಲೆಕ್ಕಕ್ಕೆ ಇಟ್ಕೊಂಡ್ವಿ. ಸ್ಪ್ರಿಂಗ್ ರೇಟ್ 23 ಅಂತ ಹಿಡಿದ್ರೆ ಆವರ್ತನ 1.19 ಹರ್ಟ್ಸ್. ಅದನ್ನೇ 30% ಗಟ್ಟಿ ಮಾಡಿ 30 ಇಟ್ರೆ 1.36 ಹರ್ಟ್ಸ್. ವರ್ಗಮೂಲ ಇರೋದ್ರಿಂದ ರೇಟ್ 30% ಏರಿದ್ರೂ ಆವರ್ತನ ಏರಿದ್ದು 14% ಅಷ್ಟೆ, ಇನ್ನೂ ಮಾಮೂಲಿ ಕಾರಿನ ಮಿತಿಯೊಳಗೇ ಇದೆ. ನಾವು ಯಾವುದಕ್ಕೆ ಹೆದರಿ "ಮೆತ್ತಗಿರೋದು ತಗೊಳ್ಳಿ" ಅಂದಿದ್ವೋ ಅದು ಅಷ್ಟು ದೊಡ್ಡ ವಿಷಯವೇ ಆಗಿರ್ಲಿಲ್ಲ.

ಹಾಗಾದ್ರೆ ಆಂಟಿಯ ಸೊಂಟಕ್ಕೆ ಹೊಡೆದದ್ದು ಏನು? ಬಂಪ್ ಸ್ಟಾಪ್. ಶಾಕ್ ಅಬ್ಸಾರ್ಬರ್ ರಾಡ್‌ಗೆ ಪೋಣಿಸಿದ ಫೋಮ್ ತರದ ಒಂದು ಪಾಲಿಯುರಿಥೇನ್ ತುಂಡು ಅದು. ಸಸ್ಪೆನ್ಷನ್ ಪೂರ್ತಿ ಕುಗ್ಗೋಕೆ ಮುಂಚೆ ಕಬ್ಬಿಣಕ್ಕೆ ಕಬ್ಬಿಣ ಬಡಿಯದ ಹಾಗೆ ತಡೆಯೋದು ಅದರ ಕೆಲಸ. ಕಾರು ನಿಂತಿರುವಾಗ ಬಂಪ್ ಸ್ಟಾಪ್‌ವರೆಗೆ ಇರೋ ಜಾಗಕ್ಕೆ ಬಂಪ್ ಟ್ರಾವೆಲ್ ಅಂತಾರೆ. ಕಾರನ್ನ ಸ್ಪ್ರಿಂಗ್‌ನಿಂದ ಇಳಿಸಿದಾಗ ಶಾಕ್ ಉದ್ದ ಬದಲಾಗಲ್ಲ, ಬಂಪ್ ಸ್ಟಾಪ್ ಜಾಗ ಬದಲಾಗಲ್ಲ. ಹಾಗಾಗಿ ಎಷ್ಟು ಇಳಿಸ್ತೀರೋ ಹೆಚ್ಚು ಕಡಿಮೆ ಅಷ್ಟೂ ಇದೇ ಜಾಗದಿಂದ ಹೋಗುತ್ತೆ.

ಲೆಕ್ಕ ಹಾಕಿ ನೋಡಿದಾಗ ನಮಗೇ ಗಾಬರಿಯಾಯ್ತು. ಮೊದಲು 60 ಮಿ.ಮೀ. ಜಾಗ ಇತ್ತು ಅಂದ್ಕೊಳ್ಳಿ. ಕಾರು ಒಂದು ಉಬ್ಬು ದಾಟಿ ಕೆಳಗೆ ಬರುವಾಗ ಆ 410 ಕೆ.ಜಿ. ತನ್ನ ಮಾಮೂಲಿ ಎತ್ತರವನ್ನ ಸೆಕೆಂಡಿಗೆ 0.45 ಮೀಟರ್ ವೇಗದಲ್ಲಿ ಹಾದು ಕೆಳಗಿಳೀತಿದೆ. ಚಲನ ಶಕ್ತಿ ಸುಮಾರು 41 ಜೂಲ್. ರೇಟ್ 23ರ ಸ್ಪ್ರಿಂಗ್ 60 ಮಿ.ಮೀ. ಕುಗ್ಗೋದ್ರೊಳಗೆ ಹೀರಿಕೊಳ್ಳೋದೂ 41 ಜೂಲ್. ಸರಿಹೋಯ್ತು, ಬಂಪ್ ಸ್ಟಾಪ್‌ಗೆ ಮುಟ್ಟೋದೇ ಇಲ್ಲ. ಈಗ 25 ಮಿ.ಮೀ. ಇಳಿಸಿ. ಉಳಿದ ಜಾಗ 35. ಅದೇ ಸ್ಪ್ರಿಂಗ್ ಆದ್ರೆ 14 ಜೂಲ್ ಮಾತ್ರ ಹೀರುತ್ತೆ. 50 ಮಿ.ಮೀ. ಇಳಿಸಿ, ಅಂದ್ರೆ ನಾವು ಹೇಳಿದ 2 ಇಂಚು. ಉಳಿದದ್ದು 10 ಮಿ.ಮೀ. ಸ್ಪ್ರಿಂಗ್ ಹೀರೋದು 1.15 ಜೂಲ್! ಮಿಕ್ಕ 40 ಜೂಲ್‌ನಲ್ಲಿ ಶಾಕ್ ಅಬ್ಸಾರ್ಬರ್ ಒಂದಿಷ್ಟು ನುಂಗಿದ್ರೂ ದೊಡ್ಡ ಪಾಲು ಬಂಪ್ ಸ್ಟಾಪ್‌ಗೆ, ಅಲ್ಲಿಂದ ಸೀಟಿಗೆ, ಸೀಟಿಂದ ಆಂಟಿಗೆ.

ಜಾಗದ ಮೇಲೆ ವರ್ಗ ಇರೋದ್ರಿಂದ ಹೀಗಾಗೋದು. ಜಾಗ ಆರನೇ ಒಂದು ಭಾಗ ಆದ್ರೆ ಶಕ್ತಿ ಮೂವತ್ತಾರನೇ ಒಂದು ಭಾಗ. ಅದನ್ನ ಸ್ಪ್ರಿಂಗ್ ಗಟ್ಟಿ ಮಾಡಿಯೇ ಸರಿಮಾಡ್ತೀನಿ ಅಂದ್ರೆ ಮೂವತ್ತಾರು ಪಟ್ಟು ಗಟ್ಟಿ ಸ್ಪ್ರಿಂಗ್ ಬೇಕು, ಸಾಧ್ಯವೇ ಇಲ್ಲದ ಮಾತು. ಇನ್ನೊಂದು ಕಡೆಯಿಂದ ನೋಡಿ: ಬಂಪ್ ಸ್ಟಾಪ್ ಒತ್ತಿಕೊಂಡಾಗ ಅದೂ ಒಂದು ಸ್ಪ್ರಿಂಗೇ, ಆದ್ರೆ ಒತ್ತಿದಷ್ಟೂ ಗಟ್ಟಿಯಾಗುವಂಥದ್ದು. ಎರಡೂ ಸೇರಿ ರೇಟ್ 400ಕ್ಕೆ ಹೋಯ್ತು ಅಂದ್ರೆ ಆವರ್ತನ 5 ಹರ್ಟ್ಸ್ ಆಗುತ್ತೆ. ಕೂತ ಮನುಷ್ಯನ ದೇಹಕ್ಕೆ ಮೇಲೆ ಕೆಳಗಿನ ಕಂಪನ ಅತಿ ಹೆಚ್ಚು ತಟ್ಟೋದು 4ರಿಂದ 8 ಹರ್ಟ್ಸ್‌ನಲ್ಲಿ, ಐಎಸ್‌ಓ 2631 ಸ್ಟ್ಯಾಂಡರ್ಡ್ ಹೇಳೋದೂ ಇದನ್ನೇ. ನಾವು ಹುಡುಕಿ ಹುಡುಕಿ ಸರಿಯಾಗಿ ಅಲ್ಲಿಗೇ ಗುರಿ ಇಟ್ಟಿದ್ವಿ.

ಅಂದ್ರೆ ಕಂಫರ್ಟ್ ಬೇಕು ಅನ್ನೋರು ಮೊದಲು ಕೇಳಬೇಕಾದ್ದು "ಎಷ್ಟು ಮೆತ್ತಗಿದೆ" ಅಂತ ಅಲ್ಲ, "ಇಳಿಸಿದ್ಮೇಲೆ ಎಷ್ಟು ಜಾಗ ಉಳಿಯುತ್ತೆ" ಅಂತ. ಸುಮಾರು 1 ಇಂಚು ಇಳಿಸಿ, ಸ್ಪ್ರಿಂಗ್ 20-30% ಗಟ್ಟಿ ಇದ್ರೆ, 2 ಇಂಚು ಇಳಿಸಿದ ಮೆತ್ತನೆ ಸ್ಪ್ರಿಂಗ್‌ಗಿಂತ ಅದು ಎಷ್ಟೋ ಆರಾಮ. ಮೇಲಿನ ಲೆಕ್ಕದಲ್ಲೇ ರೇಟ್ 30 ಇಟ್ಟು 35 ಮಿ.ಮೀ. ಜಾಗ ಕೊಟ್ರೆ ಸ್ಪ್ರಿಂಗ್ 18 ಜೂಲ್ ಹೀರುತ್ತೆ. ಉಳಿದದ್ದನ್ನ ಒಳ್ಳೆ ಶಾಕ್, ಮತ್ತೆ ಬಂಪ್ ಸ್ಟಾಪ್‌ನ ಮೊದಲ ಮೆತ್ತನೆ ಭಾಗ ಹಂಚಿಕೊಂಡು ನಿಭಾಯಿಸ್ತವೆ. ಅಲ್ಲಿ "ಧಡ್" ಅನ್ನಲ್ಲ, "ಧಪ್" ಅನ್ನುತ್ತೆ ಅಷ್ಟೆ.

ಎಷ್ಟು ಜಾಗ ಉಳಿದಿದೆ ಅಂತ ನೋಡೋಕೆ ಒಂದು ಸುಲಭ ಉಪಾಯ ಇದೆ. ಶಾಕ್‌ನ ಧೂಳಿನ ಕವಚ ಮೇಲೆ ಸರಿಸಿ, ರಾಡ್‌ಗೆ ಒಂದು ಕೇಬಲ್ ಟೈ ಬಿಗಿದು ಕೆಳಗೆ ಕೂರಿಸಿ, ದಿನಾ ಹೋಗೋ ದಾರಿಯಲ್ಲಿ ಒಂದು ಸುತ್ತು ಹೊಡ್ಕೊಂಡು ಬನ್ನಿ. ಟೈ ಎಲ್ಲಿಗೆ ತಳ್ಳಿಸ್ಕೊಂಡಿದೆಯೋ ಅಲ್ಲಿಯವರೆಗೆ ಸಸ್ಪೆನ್ಷನ್ ಕುಗ್ಗಿದೆ. ನಾವು ಹೇಳಿ ಅಣ್ಣ ಮಾಡಿ ನೋಡಿದ್ರು. ನಿಂತಿರೋ ಕಾರಿನಲ್ಲೇ ಶಾಕ್‌ಗೂ ಬಂಪ್ ಸ್ಟಾಪ್‌ಗೂ ಮಧ್ಯೆ ಒಂದು ಬೆರಳು ತೂರಿಸೋಕೂ ಜಾಗ ಇರ್ಲಿಲ್ಲವಂತೆ. ಕೇಬಲ್ ಟೈ ಅಂತೂ ಮೊದಲ ಸಿಗ್ನಲ್ ತಲುಪೋದ್ರೊಳಗೆ ಬಂಪ್ ಸ್ಟಾಪ್‌ಗೆ ಅಂಟಿಕೊಂಡಿರ್ಬೇಕು. ಮಿಷಿಗನ್ ರಸ್ತೆ ಅಂದ್ರೆ ಅಮೆರಿಕ ಅಂತ ನಾವು ಕಲ್ಪಿಸಿಕೊಂಡ ರಸ್ತೆ ಅಲ್ಲ. ಚಳಿಗಾಲದಲ್ಲಿ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಉಬ್ಬಿ, ಮತ್ತೆ ಕರಗಿ, ಮಾರ್ಚ್ ಹೊತ್ತಿಗೆ ಗುಂಡಿಗಳೋ ಗುಂಡಿಗಳು.

ಸ್ಪ್ರಿಂಗ್ ಮಾರೋರು "ಪ್ರೊಗ್ರೆಸಿವ್" ಅಂತ ಒಂದು ಪದ ಬಳಸ್ತಾರೆ. ಮೊದಲು ಮೆತ್ತಗೆ, ಒತ್ತಿದ ಹಾಗೆ ಗಟ್ಟಿ. ಸ್ಪ್ರಿಂಗ್‌ನ ಒಂದು ತುದಿಯಲ್ಲಿ ಸುತ್ತುಗಳು ಹತ್ತಿರ ಹತ್ತಿರ ಇರ್ತವೆ. ಒತ್ತಿದಾಗ ಅವು ಒಂದಕ್ಕೊಂದು ಕೂತು ಕೆಲಸ ನಿಲ್ಲಿಸ್ತವೆ. ಉಳಿದ ಕಡಿಮೆ ಸುತ್ತುಗಳ ಮೇಲೆ ಭಾರ ಬಿದ್ದು ರೇಟ್ ಏರುತ್ತೆ. ಕೇಳಿದ್ರೆ ಎರಡು ಲಾಭ ಒಟ್ಟಿಗೆ ಸಿಕ್ಕಿದ ಹಾಗಿದೆ. ಆದ್ರೆ ಎಷ್ಟೋ ಸ್ಪ್ರಿಂಗ್‌ಗಳಲ್ಲಿ ಆ ಹತ್ತಿರದ ಸುತ್ತುಗಳು ಕಾರಿನ ತೂಕಕ್ಕೇ, ನಿಂತಲ್ಲೇ ಮುಚ್ಚಿಕೊಂಡಿರ್ತವೆ. ಚಕ್ರ ಜೋತಾಡುವಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಹೋಗದಿರಲಿ ಅನ್ನೋದಷ್ಟೇ ಆಗ ಅವುಗಳ ಉಪಯೋಗ. ಓಡಿಸುವಾಗ ನಿಮಗೆ ಸಿಗೋದು ಗಟ್ಟಿ ಭಾಗವೇ. ನಿಂತಿರೋ ಎತ್ತರದಲ್ಲಿ ರೇಟ್ ಎಷ್ಟು ಅಂತ ಕೇಳಿ. "ಇಷ್ಟರಿಂದ ಇಷ್ಟು" ಅಂತ ಎರಡು ಸಂಖ್ಯೆ ಮಾತ್ರ ಕೊಟ್ರೆ ದೊಡ್ಡದನ್ನೇ ನಿಜ ಅಂತ ಇಟ್ಕೊಳ್ಳೋದು ಕ್ಷೇಮ. ರೋಡ್ ಕಾರಿಗೆ ನಮ್ಮ ಓಟು, ಸಂಖ್ಯೆ ಸ್ಪಷ್ಟವಾಗಿ ಹೇಳೋ ಕಂಪನಿಗೆ. ಲೀನಿಯರ್ರೋ ಪ್ರೊಗ್ರೆಸಿವ್ವೋ ಅದು ಆಮೇಲೆ.

"1 ಇಂಚು ಇಳಿಯುತ್ತೆ" ಅನ್ನೋ ಮಾತನ್ನೂ ಪೂರ್ತಿ ನಂಬಬೇಡಿ. ಇಳಿಕೆ ಅನ್ನೋದು ಸ್ಪ್ರಿಂಗ್‌ನ ಗುಣ ಅಲ್ಲ, ಸ್ಪ್ರಿಂಗ್ ಮತ್ತು ತೂಕ ಎರಡೂ ಸೇರಿದ್ದು. ಅದೇ ಸ್ಪ್ರಿಂಗನ್ನ ವಿ6 ಮಸ್ಟಾಂಗ್‌ಗೆ ಹಾಕಿದ್ರೆ ಮೂತಿ ಹಗುರ, ಕಾರು ಎತ್ತರ ನಿಲ್ಲುತ್ತೆ. 2007ರಿಂದ 2010ರ ಶೆಲ್ಬಿ ಜಿಟಿ500ಗೆ ಹಾಕಿದ್ರೆ ಅದರ 5.4 ಲೀಟರ್ ಎಂಜಿನ್ ಬ್ಲಾಕ್ ಎರಕದ ಕಬ್ಬಿಣ, ಮೂತಿ ಭಾರ, ಇನ್ನೂ ಕೆಳಗೆ ಕೂರುತ್ತೆ. ನಿಮ್ಮ ಕಾರಿನ ಎಂಜಿನ್, ವರ್ಷ, ಮೇಲ್ಛಾವಣಿ ಮಡಚೋದೋ ಅಲ್ವೋ, ಎಲ್ಲ ಹೇಳಿಯೇ ಸ್ಪ್ರಿಂಗ್ ನಂಬರ್ ಕೇಳಬೇಕು.

ಮುಂದೆ ಹಿಂದೆ ಒಂದಕ್ಕೊಂದು ಹೊಂದಬೇಕು ಅನ್ನೋದು ನಮಗೆ ತುಂಬ ಇಷ್ಟವಾದ ವಿಷಯ. ಉಬ್ಬಿಗೆ ಮೊದಲು ಮುಂದಿನ ಚಕ್ರ ಹತ್ತುತ್ತೆ, ಆಮೇಲೆ ಹಿಂದಿನದು. ಈ ಕಾರಿನ ವೀಲ್‌ಬೇಸ್ 2.72 ಮೀಟರ್, 100 ಕಿ.ಮೀ. ವೇಗದಲ್ಲಿ ನಡುವಿನ ಅಂತರ ಸುಮಾರು 0.1 ಸೆಕೆಂಡ್. ಎರಡರದ್ದೂ ಒಂದೇ ಆವರ್ತನ ಆದ್ರೆ ಹಿಂಭಾಗ ಸದಾ ಹಿಂದೆಯೇ ಬಿದ್ದು, ಕಾರು ತೊಟ್ಟಿಲ ತರ ತೂಗುತ್ತೆ. ಹಿಂದಿನದನ್ನ ಸ್ವಲ್ಪ ಜಾಸ್ತಿ ಇಟ್ರೆ ಅದು ಬೇಗ ಬೇಗ ಆಡಿ ಮುಂದಿನದನ್ನ ಹಿಡಿಯುತ್ತೆ, ಬಾಡಿ ಮಟ್ಟಸವಾಗಿ ಮೇಲೆ ಕೆಳಗೆ ಹೋಗುತ್ತೆ. ಇದನ್ನ 1930ರ ದಶಕದಲ್ಲಿ ಜನರಲ್ ಮೋಟಾರ್ಸ್‌ನ ಕ್ಯಾಡಿಲಾಕ್‌ನಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಮಾರಿಸ್ ಆಲಿ ಅನ್ನೋ ಇಂಗ್ಲಿಷ್ ಎಂಜಿನಿಯರ್. ಅದಕ್ಕೂ ಮುಂಚೆ ರೋಲ್ಸ್-ರಾಯ್ಸ್‌ನಲ್ಲಿದ್ದವರು. ಅದಕ್ಕೇ ಮುಂದೆ ಒಂದು ಕಂಪನಿಯ ಸ್ಪ್ರಿಂಗ್, ಹಿಂದೆ ಇನ್ನೊಂದು ಅಂತ ಮಿಕ್ಸ್ ಮಾಡೋಕೆ ಹೋಗಬೇಡಿ. ನಾಲ್ಕನ್ನೂ ಸೇರಿಸಿ ಯಾರೋ ಲೆಕ್ಕ ಹಾಕಿರ್ತಾರೆ.

ಇನ್ನು ಶಾಕ್. ಇಲ್ಲಿ ದುಡ್ಡು ಉಳಿಸೋಕೆ ಹೋಗಿ ಎರಡನೇ ತಪ್ಪು ಮಾಡಿದ್ವಿ. "ಸ್ಪ್ರಿಂಗ್ ಮಾತ್ರ ಸಾಕಣ್ಣ, ಶಾಕ್ ಹಂಗೇ ಇರ್ಲಿ" ಅಂದಿದ್ವಿ. ಸ್ಪ್ರಿಂಗ್ 30% ಗಟ್ಟಿಯಾದ್ರೆ ಅದೇ ನಿಯಂತ್ರಣ ಉಳಿಯೋಕೆ ಡ್ಯಾಂಪಿಂಗ್ 14% ಜಾಸ್ತಿ ಬೇಕು, ಮತ್ತೆ ಅದೇ ವರ್ಗಮೂಲ. ಹಳೇ ಕಾರಿನ ಶಾಕ್ ಅಷ್ಟರಲ್ಲಾಗಲೇ ಸೋತಿರುತ್ತೆ. ಉಬ್ಬು ದಾಟಿದ್ಮೇಲೆ ಕಾರು ಇನ್ನೂ ಎರಡು ಮೂರು ಸಲ ಕುಣಿಯುತ್ತೆ, ಮತ್ತೆ ಬಂಪ್ ಸ್ಟಾಪ್ ಮುಟ್ಟುತ್ತೆ. ಇದಲ್ಲದೆ ಮುಂದಿನ ಸ್ಟ್ರಟ್ ಬಿಚ್ಚದೆ ಸ್ಪ್ರಿಂಗ್ ಬದಲಾಯಿಸೋಕೆ ಆಗಲ್ಲ. ಇವತ್ತು ಸ್ಪ್ರಿಂಗ್, ಆರು ತಿಂಗಳಿಗೆ ಶಾಕ್ ಅಂದ್ರೆ ಎರಡು ಸಲ ಲೇಬರ್ ಕೊಟ್ಟ ಹಾಗೆ. ಅಣ್ಣ ಎರಡು ಸಲ ಕೊಟ್ರು. ಅಲ್ಲಿಯ ಲೇಬರ್ ಚಾರ್ಜ್ ರೂಪಾಯಿಗೆ ಬದಲಾಯಿಸಿ ನೋಡಿ ನಾವು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

ಮುಂದಿನ ಸ್ಟ್ರಟ್‌ನಲ್ಲಿ ಇನ್ನೊಂದು ಮೋಸ ಇದೆ. ಕಾರು ಇಳಿದ್ರೆ ತಿರುವಲ್ಲಿ ವಾಲೋದು ಕಡಿಮೆ ಆಗುತ್ತೆ ಅಂತ ಎಲ್ಲರೂ ಅಂದ್ಕೋತಾರೆ, ಗುರುತ್ವ ಕೇಂದ್ರ ಕೆಳಗೆ ಬಂತಲ್ಲ ಅಂತ. ಗುರುತ್ವ ಕೇಂದ್ರ 50 ಸೆಂ.ಮೀ. ಎತ್ತರ ಇದೆ ಅಂದ್ರೆ 25 ಮಿ.ಮೀ.ಯಿಂದ ಸಿಗೋ ಲಾಭ 5%. ಆದ್ರೆ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತೋ ಆ ರೋಲ್ ಸೆಂಟರ್ ಇನ್ನೂ ಬೇಗ ಕೆಳಗಿಳಿಯುತ್ತೆ. ಎರಡರ ನಡುವಿನ ಅಂತರ ಜಾಸ್ತಿಯಾಗಿ, ಸ್ಪ್ರಿಂಗ್ ಗಟ್ಟಿ ಇಲ್ಲದಿದ್ರೆ ಕಾರು ಮೊದಲಿಗಿಂತ ಜಾಸ್ತಿಯೇ ವಾಲಬಹುದು. ಅಣ್ಣನ ಕಾರಿಗೆ ಹಾಕಿಸಿದ ಮೆತ್ತನೆ 2 ಇಂಚಿನ ಸ್ಪ್ರಿಂಗ್ ಹೀಗೆ ಆರಾಮವನ್ನೂ ಕೊಡಲಿಲ್ಲ, ಹಿಡಿತವನ್ನೂ ಕೊಡಲಿಲ್ಲ. ಇಳಿಸಿದ್ಮೇಲೆ ಕ್ಯಾಂಬರ್, ಟೋ ಎರಡೂ ಬದಲಾಗಿರ್ತವೆ. ವೀಲ್ ಅಲೈನ್‌ಮೆಂಟ್ ಮಾಡಿಸದಿದ್ರೆ ಟೈರಿನ ಒಳಅಂಚು ಸವೆದುಹೋಗುತ್ತೆ. ಹೆಡ್‌ಲೈಟನ್ನೂ ಒಂದ್ಸಲ ಸರಿ ಮಾಡಿಸಿ.

ಹಿಂದಿನ ಆಕ್ಸಲ್‌ಗೆ ಬಂದ್ರೆ, ಪ್ಯಾನ್‌ಹಾರ್ಡ್ ರಾಡ್‌ನ ಒಂದು ತುದಿ ಬಾಡಿಗೆ, ಇನ್ನೊಂದು ಆಕ್ಸಲ್‌ಗೆ. ಉದ್ದ ಬದಲಾಗದ ರಾಡ್‌ನ ಒಂದು ತುದಿ ಕೆಳಗಿಳಿದ್ರೆ ಅದು ವೃತ್ತದ ಕಂಸದಲ್ಲಿ ಸರಿಯುತ್ತೆ. ಅದರಿಂದ ಆಕ್ಸಲ್ ಒಂದು ಪಕ್ಕಕ್ಕೆ ಕೆಲವು ಮಿ.ಮೀ. ಜರುಗುತ್ತೆ. ಹಿಂದಿನಿಂದ ನೋಡಿದ್ರೆ ಒಂದು ಟೈರ್ ಹೊರಗೆ, ಇನ್ನೊಂದು ಒಳಗೆ. ಉದ್ದ ಹೊಂದಿಸಬಹುದಾದ ರಾಡ್ ಸಿಗುತ್ತೆ. 1 ಇಂಚು ಇಳಿಸಿದವರು ಮೊದಲು ಅಳತೆ ಮಾಡಿ, ಕಣ್ಣಿಗೆ ಕಾಣೋವಷ್ಟಿದ್ರೆ ಮಾತ್ರ ಕೊಳ್ಳಿ ಅನ್ನೋದು ನಮ್ಮ ಅಭಿಪ್ರಾಯ. ಇನ್ನೂ ಕೆಳಗಿಳಿಸಿದ್ರೆ ಕೆಳಗಿನ ಲಿಂಕ್‌ಗಳ ಕೋನ ಕೆಟ್ಟು, ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಹಿಂದಿನ ಚಕ್ರ ಕುಪ್ಪಳಿಸೋದು ಶುರುವಾಗುತ್ತೆ. ಅದಕ್ಕೊಂದು ಬ್ರಾಕೆಟ್, ಡ್ರೈವ್ ಶಾಫ್ಟ್ ಕೋನಕ್ಕೆ ಇನ್ನೊಂದು ಭಾಗ, ಹೀಗೆ ಬಿಲ್ ಬೆಳೀತಾ ಹೋಗುತ್ತೆ.

ಹಾಕಿಸುವಾಗ ಮೆಕ್ಯಾನಿಕ್ ಪಕ್ಕ ನಿಂತು ನೋಡಬೇಕಾದ್ದು ಒಂದಿದೆ. ಲಿಂಕ್‌ಗಳ ರಬ್ಬರ್ ಬುಷ್ ಬೋಲ್ಟ್‌ಗಳನ್ನ ಕಾರು ಲಿಫ್ಟ್ ಮೇಲೆ, ಚಕ್ರ ಜೋತಾಡ್ತಿರುವಾಗ ಬಿಗಿದ್ರೆ, ಕಾರು ನೆಲಕ್ಕೆ ಬಂದಾಗ ರಬ್ಬರ್ ತಿರುಚಿಕೊಂಡೇ ಇರುತ್ತೆ. ಅದು ಬೇಡದ ಇನ್ನೊಂದು ಸ್ಪ್ರಿಂಗ್ ಆಗುತ್ತೆ, ಬುಷ್ ಬೇಗ ಹರಿಯುತ್ತೆ. ಚಕ್ರದ ಮೇಲೆ ಭಾರ ಬಿದ್ಮೇಲೇ ಕೊನೆಯ ಬಿಗಿತ. ಬಂಪ್ ಸ್ಟಾಪ್ ಕತ್ತರಿಸಬೇಕೋ ಬೇಡ್ವೋ ಅನ್ನೋದನ್ನ ಸ್ಪ್ರಿಂಗ್ ಕಂಪನಿಯ ಕಾಗದ ನೋಡಿಯೇ ನಿರ್ಧರಿಸಿ. ಪೂರ್ತಿ ತೆಗೆದುಹಾಕೋ ಮಹಾನುಭಾವರೂ ಇದ್ದಾರೆ, ಅವರ ಶಾಕ್‌ಗಳು ಒಳಗೇ ಬಡಿದು ಸಾಯ್ತವೆ. ಮುಂದಿನ ಸ್ಪ್ರಿಂಗ್ ಮೇಲೆ ಕೂತಿರೋ ಭಾರವೇ 4,000 ನ್ಯೂಟನ್. ಕಂಪ್ರೆಸರ್ ಜಾರಿದ್ರೆ ಕೈ ಹೋಗುತ್ತೆ, ಮನೇಲಿ ಮಾಡೋ ಸಾಹಸ ಬೇಡ.

ನಮ್ಮ ಕಡೆ ಕಾರು ಇಳಿಸೋದು ಅಂದ್ರೆ ಸ್ಪ್ರಿಂಗ್‌ನ ಒಂದು ಸುತ್ತು ಕಟ್ ಮಾಡಿಸೋದು. ಆರು ಸುತ್ತಿನ ಸ್ಪ್ರಿಂಗ್‌ನಲ್ಲಿ ಒಂದು ಹೋದ್ರೆ ರೇಟ್ 20% ಏರುತ್ತೆ ಅನ್ನೋದೇನೋ ನಿಜ. ಆದ್ರೆ ಕತ್ತರಿಸಿದ ತುದಿ ಸೀಟಿನಲ್ಲಿ ಸರಿಯಾಗಿ ಕೂರಲ್ಲ, ಗ್ಯಾಸ್ ಕಟ್ಟಿಂಗ್ ಬೆಂಕಿಗೆ ಉಕ್ಕಿನ ಹದ ಹೋಗಿ ಅಲ್ಲೇ ಮುರಿಯಬಹುದು. ಕಾನೂನೂ ಅಡ್ಡ ಬರುತ್ತೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ನಮ್ಮ ಕ್ಯಾಂಪಸ್ ಗೇಟಿನ ಹಂಪ್ ನೋಡಿದವರಿಗೆ ಕಾನೂನು ಬೇರೆ ಬೇಕಾಗಿಲ್ಲ.

ಅಣ್ಣ ಜೂನ್‌ನಲ್ಲಿ ಎಲ್ಲ ಬಿಚ್ಚಿಸಿದ್ರು. 1 ಇಂಚು ಇಳಿಸೋ, ಕಂಪನಿ ಸ್ಪ್ರಿಂಗ್‌ಗಿಂತ ಸುಮಾರು ಕಾಲು ಭಾಗ ಗಟ್ಟಿಯಾದ ಸ್ಪ್ರಿಂಗ್, ನಾಲ್ಕೂ ಹೊಸ ಶಾಕ್, ಹೊಸ ಬಂಪ್ ಸ್ಟಾಪ್, ಅಲೈನ್‌ಮೆಂಟ್. 20 ಇಂಚಿನ ವೀಲ್ ಹಾಕಿಸ್ಬೇಕು ಅಂತಿದ್ರು, ಅದನ್ನೊಂದು ತಪ್ಪಿಸಿದ್ವಿ. ಈಗಿರೋ 18 ಇಂಚಿನ 235/50 ಟೈರಿನ ಪಕ್ಕದ ಗೋಡೆ 117 ಮಿ.ಮೀ., 20 ಇಂಚಿನ 255/35 ಹಾಕಿದ್ರೆ 89. ಗುಂಡಿಗೆ ಮೊದಲು ಬಗ್ಗೋದು ಟೈರೇ, ಅಲ್ಲೂ ಜಾಗ ಕಳೆದುಕೊಂಡ್ರೆ ಮತ್ತೆ ಅದೇ ಕಥೆ. ಫೋಟೋದಲ್ಲಿ ಕಾರು ಮೊದಲಿನಷ್ಟು ಸಖತ್ತಾಗಿಲ್ಲ, ಒಪ್ಕೋತೀವಿ. ಟೈರ್ ಮೇಲೆ ಎರಡು ಬೆರಳು ಜಾಗ ಕಾಣುತ್ತೆ.

ಆಗಸ್ಟ್‌ನಲ್ಲಿ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂನಲ್ಲಿ ಹಳೇ ಕಾರುಗಳ ಮೆರವಣಿಗೆ ನಡೆಯುತ್ತೆ, 1995ರಿಂದ ನಡೀತಿದೆ. ಆಂಟಿಯನ್ನ ಕರ್ಕೊಂಡು ಹೋಗಿದ್ರು. ವಾಪಸ್ ಬರುವಾಗ ಅವರು ಮುಂದಿನ ಸೀಟಲ್ಲೇ ನಿದ್ದೆ ಹೋಗಿದ್ರಂತೆ, ಅಣ್ಣ ವಿಡಿಯೋ ಕಳಿಸಿದ್ರು. ಅದರಲ್ಲಿ ಒಂದು ಸೇತುವೆಯ ಜಾಯಿಂಟ್ ದಾಟೋ ಶಬ್ದ ಕೇಳುತ್ತೆ, ಧಪ್ ಧಪ್ ಅಂತ. ಆಂಟಿಗೆ ಎಚ್ಚರ ಆಗಲ್ಲ.

ಹಿಂದಿನ ಆಕ್ಸಲ್ ಈಗ 4 ಮಿ.ಮೀ. ಪಕ್ಕಕ್ಕಿದೆ. ಪ್ಯಾನ್‌ಹಾರ್ಡ್ ರಾಡ್ ಬದಲಾಯಿಸ್ಬೇಕಾ ಬೇಡ್ವಾ ಅಂತ ಅಣ್ಣ ಅಲ್ಲಿಯ ಮೆಕ್ಯಾನಿಕ್‌ನ ಕೇಳಿದ್ದಾರೆ. ನಮ್ಮನ್ನ ಇನ್ನೂ ಕೇಳಿಲ್ಲ.